ಒಗೆಯೋ ಅರಿವಿ, ಹೊಲಿಯೋ ಅರಿವಿ

ಹೊಲಿಗೆಯ ಹುಚ್ಚಿರೋರು ಯಾರನ್ನೇ ಕೇಳಿ, ಬಟ್ಟೆ ಕೊಳ್ಳೋದು ಒಂದು ಹವ್ಯಾಸ, ಬಟ್ಟೆ ಹೊಲಿಯೋದು ಇನ್ನೊಂದು ಹವ್ಯಾಸ ಅಂತ ಒಪ್ಪಿಕೊಳ್ತಾರೆ. ಮೊದಲನೆಯದಕ್ಕೆ ದುಡ್ಡಿದ್ದರೆ ಸಾಕು. ಎರಡನೆಯದಕ್ಕೆ ಸಮಯ ಬೇಕು. ಬೆಂಗಳೂರಲ್ಲಿ ಐಟಿ ಕೆಲಸ ಮಾಡೋ ನಮ್ಮಂಥವರ ಹತ್ತಿರ ಯಾವುದು ಇರುತ್ತೆ, ಯಾವುದು ಇರಲ್ಲ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಹಾಗಾಗಿ ನಮ್ಮನೆ ಮಂಚದ ಕೆಳಗೆ ಎರಡು ದೊಡ್ಡ ಪ್ಲಾಸ್ಟಿಕ್ ಡಬ್ಬಿಗಳಿವೆ. ಅದರ ತುಂಬ ಚಿಕ್ಕಪೇಟೆಯ ಕಟ್‌ಪೀಸು, ಜೈಪುರದ ಅಚ್ಚಿನ ಮಲ್ಮಲ್ಲು, ಕಲಂಕಾರಿ, ಇಕ್ಕತ್, ಗುಳೇದಗುಡ್ಡದ ಖಣ. ಅರ್ಧ ಮೀಟರ್, ಮುಕ್ಕಾಲು ಮೀಟರ್. ಯಾವುದಕ್ಕೆ ಅಂತ ಕೇಳಿದರೆ ಗೊತ್ತಿಲ್ಲ. 'ಮುಂದೆ ಯಾವಾಗಾದರೂ ಆಗುತ್ತೆ' ಅನ್ನೋದೇ ಆ ಡಬ್ಬಿಗಳ ಹೆಸರು.

ಮುಂದೆ ಅನ್ನೋದು ಇದ್ದೇ ಇರುತ್ತೆ ಅಂತ ಅಂದುಕೊಂಡಾಗ ಬಟ್ಟೆ ಆರಿಸೋದು ಬಹಳ ಸುಲಭ. ಬಣ್ಣ ಚೆನ್ನಾಗಿದ್ದರೆ ಆಯಿತು.

ನಾನು ಹೊಲಿಯೋದು ಕೌದಿ. ನಮ್ಮೂರು ಹುನಗುಂದದ ಕಡೆ. ಅಲ್ಲಿ ಕೌದಿ ಇಲ್ಲದ ಮನೆ ಇರಲಿಲ್ಲ. ಗೊತ್ತಿಲ್ಲದವರಿಗೆ ಹೇಳ್ತೀನಿ: ಹಳೆಯ ಸೀರೆ, ಧೋತರಗಳನ್ನು ಮೂರೋ ನಾಲ್ಕೋ ಪದರವಾಗಿ ಹಾಸಿ, ಮೇಲೆ ತುಂಡು ಬಟ್ಟೆಗಳನ್ನು ಜೋಡಿಸಿ, ಎಲ್ಲವನ್ನೂ ಸೇರಿಸಿ ಒಂದೇ ಸಮ ಸಾದಾ ಹೊಲಿಗೆ ಹಾಕ್ತಾ ಹೋಗೋದು. ಟೇಲರಿಂಗ್ ಕ್ಲಾಸಿನಲ್ಲಿ ರನ್ನಿಂಗ್ ಸ್ಟಿಚ್ ಅಂತಾರಲ್ಲ, ಅದೇ. ಒಳಗೆ ಹತ್ತಿ ತುಂಬೋದಿಲ್ಲ. ಬಟ್ಟೆಯ ಪದರಗಳೇ ಅದರ ಬೆಚ್ಚಗೆ. ನಮ್ಮ ಆಯಿ, ಅಂದರೆ ಅಜ್ಜಿ, ಬೇಸಿಗೆಯಲ್ಲಿ ಪಡಸಾಲೆಯ ನೆಲದ ಮೇಲೆ ಕೌದಿ ಹರವಿಕೊಂಡು, ಅದರ ಮೇಲೇ ಕೂತು ಹೊಲೀತಿದ್ದಳು. ನಾನು ಕಲಿತದ್ದು ಅವಳ ಹತ್ತಿರವಲ್ಲ. ಅವಳು ಹೋದ ಎಷ್ಟೋ ವರ್ಷಗಳ ಮೇಲೆ, ಬೆಂಗಳೂರಿನ ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ, ಯೂಟ್ಯೂಬ್ ನೋಡಿಕೊಂಡು, ಕಸೂತಿ ಹಾಕೋ ಮರದ ರಿಂಗಿಗೆ ಬಟ್ಟೆ ಸಿಕ್ಕಿಸಿಕೊಂಡು. ಐದು ವರ್ಷದಲ್ಲಿ ಮೂರು ಕೌದಿ ಮುಗಿಸಿದ್ದೆ. ನಾಲ್ಕನೆಯದನ್ನು ಶುರು ಮಾಡುವಷ್ಟರಲ್ಲಿ ನನಗೆ ಸ್ತನ ಕ್ಯಾನ್ಸರ್ ಅಂತ ಗೊತ್ತಾಯಿತು. ಆಗ ನನಗೆ 34.

ಆ ಒಂಬತ್ತು ತಿಂಗಳ ಕತೆ ಇಲ್ಲಿ ಪೂರ್ತಿ ಬೇಡ. ಬಟ್ಟೆ ಆರಿಸೋದಕ್ಕೆ ಎಷ್ಟು ಬೇಕೋ ಅಷ್ಟು ಹೇಳ್ತೀನಿ. ಮೊದಲು ನಾಲ್ಕು ಕೀಮೋ. ಅದರಲ್ಲಿ ಡಾಕ್ಸೊರುಬಿಸಿನ್ ಅನ್ನೋ ಔಷಧಿ ಇರುತ್ತೆ, ಅದರ ಬಣ್ಣ ಕೆಂಪು. ದಾಳಿಂಬೆ ರಸದಂಥ ಕೆಂಪು. ನರ್ಸ್ ಪಕ್ಕದಲ್ಲಿ ಕೂತು ದೊಡ್ಡ ಸಿರಿಂಜಿನಿಂದ ನಿಧಾನಕ್ಕೆ ಅದನ್ನ ನರದೊಳಗೆ ಬಿಡ್ತಾರೆ. ಆಮೇಲೆ ಒಂದು ದಿನ ಮೂತ್ರವೂ ಕೆಂಪಗೆ. ಕೂದಲು ಹೋಗೋದು ಇದರಲ್ಲೇ. ಅದಾದ ಮೇಲೆ ವಾರಕ್ಕೊಂದರಂತೆ ಹನ್ನೆರಡು ಸಲ ಪ್ಯಾಕ್ಲಿಟಾಕ್ಸೆಲ್. ಅದಕ್ಕೆ ಬಣ್ಣವಿಲ್ಲ, ನೀರಿನ ಹಾಗೆ ಕಾಣುತ್ತೆ. ಆದರೆ ಅದು ಕೈಕಾಲಿನ ಬೆರಳುಗಳ ನರಕ್ಕೆ ಕೈ ಹಾಕುತ್ತೆ. ಎಂಟನೆಯ ವಾರಕ್ಕೆ ನನ್ನ ಬೆರಳ ತುದಿಗಳು ನನ್ನವಲ್ಲ ಅನ್ನಿಸತೊಡಗಿದವು. ದಪ್ಪ ಗ್ಲೌಸ್ ಹಾಕಿಕೊಂಡು ಎಲ್ಲವನ್ನೂ ಮುಟ್ಟಿದ ಹಾಗೆ. ಕುಪ್ಪಸದ ಹುಕ್ಕು ಹಾಕಲಿಕ್ಕೆ ಆಗ್ತಿರಲಿಲ್ಲ. ಡಾಕ್ಟರು ಇದಕ್ಕೆ ನ್ಯೂರೋಪತಿ ಅಂದರು. ಕೆಲವರಿಗೆ ತಿಂಗಳುಗಳಲ್ಲಿ ಸರಿಹೋಗುತ್ತೆ, ಕೆಲವರಿಗೆ ಸ್ವಲ್ಪ ಉಳಿದುಬಿಡುತ್ತೆ ಅಂದರು.

ಆಮೇಲೆ ಆಪರೇಷನ್, ಎಡಗಡೆ. ಎಡ ಕಂಕುಳಿನ ಲಿಂಫ್ ಗ್ರಂಥಿಗಳನ್ನೂ ತೆಗೆದರು. ಹೊಲಿಗೆ ಬಿಚ್ಚೋ ದಿನ ಕೊಟ್ಟ ಸೂಚನೆಗಳ ಪಟ್ಟಿಯಲ್ಲಿ ಒಂದು ಹೀಗಿತ್ತು: ಎಡಗೈಗೆ ಗಾಯವಾಗದಂತೆ ನೋಡಿಕೊಳ್ಳಿ. ಆ ಗ್ರಂಥಿಗಳಿಲ್ಲದ ಕೈಯಲ್ಲಿ ಲಿಂಫ್ ದ್ರವ ಸರಾಗವಾಗಿ ಹರಿಯಲ್ಲ. ಸಣ್ಣ ಗಾಯ ಸೋಂಕಾದರೂ ಕೈ ಊದಿಕೊಳ್ಳಬಹುದು, ಒಮ್ಮೆ ಊದಿದರೆ ಅದು ಜೀವನಪರ್ಯಂತದ ಜೊತೆಗಾರ. ಅದಕ್ಕೆ ಲಿಂಫೆಡೀಮಾ ಅಂತ ಹೆಸರು. ತರಕಾರಿ ಹೆಚ್ಚುವಾಗ ಹುಷಾರು, ತೋಟದ ಕೆಲಸದಲ್ಲಿ ಹುಷಾರು, ಸೂಜಿ ಚುಚ್ಚಿಕೊಳ್ಳದ ಹಾಗೆ ಹುಷಾರು.

ಸೂಜಿ. ಅದನ್ನು ಓದಿ ನಾನೂ ನನ್ನ ಗಂಡನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಯಾಕೆ ಅಂದರೆ, ರಿಂಗಿನಲ್ಲಿ ಹೊಲಿಯುವಾಗ ಎಡಗೈಗೆ ಇರೋ ಕೆಲಸವೇ ಚುಚ್ಚಿಸಿಕೊಳ್ಳೋದು. ಬಲಗೈ ಮೇಲಿಂದ ಸೂಜಿ ಇಳಿಸುತ್ತೆ, ಎಡಗೈ ಬಟ್ಟೆಯ ಕೆಳಗೆ ಕಾಯ್ತಾ ಇರುತ್ತೆ. ಸೂಜಿಯ ಮೊನೆ ಬೆರಳಿಗೆ ತಾಗಿದ್ದು ಗೊತ್ತಾದ ತಕ್ಷಣ ಅದನ್ನ ಮೇಲಕ್ಕೆ ತಿರುಗಿಸಬೇಕು. ತಾಗಿದ್ದು ಗೊತ್ತಾಗಬೇಕು, ಅದೇ ಮುಖ್ಯ. ಗೊತ್ತೇ ಆಗದ ಬೆರಳು, ಚುಚ್ಚಬಾರದ ಕೈ. ಎರಡೂ ಸೇರಿ ನನ್ನ ಹವ್ಯಾಸಕ್ಕೆ ಬೀಗ ಹಾಕಿದ ಹಾಗಾಯಿತು. ನಾಲ್ಕನೆಯ ಕೌದಿಯನ್ನು ಮಡಿಸಿ ಡಬ್ಬಿಗೆ ಹಾಕಿ ಮಂಚದ ಕೆಳಗೆ ತಳ್ಳಿದೆ.

ಮತ್ತೆ ಹೊರಗೆ ತೆಗೆಸಿದ್ದು ಫಿಸಿಯೋಥೆರಪಿ. ಬೆರಳಿಗೆ ಸ್ಪರ್ಶ ಮತ್ತೆ ಕಲಿಸಬೇಕು ಅಂತ ಅಕ್ಕಿಯ ಡಬ್ಬಿಯೊಳಗೆ ರಾಜ್ಮಾ ಕಾಳು ಬೆರೆಸಿ, ಕಣ್ಣು ಮುಚ್ಚಿಕೊಂಡು ಹುಡುಕಿ ತೆಗೀರಿ ಅಂತಿದ್ದರು. ದಿನಾ ಹತ್ತು ನಿಮಿಷ. ಮೊದಲ ವಾರ ಒಂದೂ ಸಿಗಲಿಲ್ಲ. ಮೂರನೆಯ ವಾರ ರಾಜ್ಮಾ ಸಿಕ್ಕಿತು, ಆರನೆಯ ವಾರ ಹೆಸರುಕಾಳು. ಒಂದು ದಿನ ಆ ಹುಡುಗಿ, "ಮೇಡಂ, ಮೊದಲು ಕೈಯಲ್ಲಿ ಏನು ಕೆಲಸ ಮಾಡ್ತಿದ್ರಿ?" ಅಂದಳು. ಕೌದಿ ಅಂದೆ. "ಅದನ್ನೇ ಮಾಡಿ, ಆದ್ರೆ ಎಡಗೈ ಸೇಫ್ ಆಗಿರೋ ಹಾಗೆ ಒಂದು ದಾರಿ ಹುಡುಕಿ" ಅಂದಳು.

ದಾರಿ ಹೊಸದೇನೂ ಅಲ್ಲ, ಆಯಿಯದೇ. ಆಯಿಗೆ ರಿಂಗು ಎಲ್ಲಿಂದ ಬರಬೇಕು? ನೆಲದ ಮೇಲೆ ಹರವಿದ ಕೌದಿಯ ಕೆಳಗೆ ಕೈ ಹೋಗೋದೇ ಇಲ್ಲ. ಎಡಗೈ ಮೇಲೆಯೇ ಇರುತ್ತೆ, ಸೂಜಿಯಿಂದ ದೂರ, ಪದರಗಳು ಸರಿಯದ ಹಾಗೆ ಒತ್ತಿ ಹಿಡಿದುಕೊಂಡು. ಬಲಗೈಯ ಸೂಜಿ ಓರೆಯಾಗಿ ಇಳಿದು, ನೆಲ ಮುಟ್ಟಿ, ಅಲ್ಲೇ ತಿರುಗಿ ಮೇಲೆ ಬರುತ್ತೆ. ನಮ್ಮ ಫ್ಲ್ಯಾಟಿನ ಟೈಲ್ಸಿಗೆ ಸೂಜಿ ತಾಗಿದರೆ ಟಿಕ್ ಅಂತ ಸಣ್ಣಗೆ ಸದ್ದು ಬರುತ್ತೆ. ಬೆರಳಿಗೆ ಗೊತ್ತಾಗದ್ದು ಕಿವಿಗೆ ಗೊತ್ತಾಗುತ್ತೆ. ಟಿಕ್ ಅಂದರೆ ಪದರಗಳೆಲ್ಲ ದಾಟಿದೆ, ಇನ್ನು ಮೇಲೆತ್ತಬಹುದು. ದರ್ಜಿಗಳು ಬೆರಳಿಗೆ ಹಾಕೋ ಅಂಗುಸ್ತಾನ ಎರಡೂ ಕೈಗೆ. ಮೊದಮೊದಲು ಸೂಜಿಗೆ ದಾರ ಪೋಣಿಸೋದು ನನ್ನಿಂದ ಆಗ್ತಿರಲಿಲ್ಲ. ನನ್ನ ಗಂಡ ಬೆಳಗ್ಗೆ ಆಫೀಸಿಗೆ ಹೋಗೋ ಮುಂಚೆ ಹತ್ತು ಸೂಜಿಗೆ ದಾರ ಪೋಣಿಸಿ ಪಾತ್ರೆ ತೊಳೆಯೋ ಹೊಸ ಸ್ಪಂಜಿಗೆ ಸಾಲಾಗಿ ಚುಚ್ಚಿಟ್ಟು ಹೋಗ್ತಿದ್ದ. ಮೊದಲ ದಿನ ಎರಡು ಸೂಜಿ ಖಾಲಿಯಾಯಿತು.

ಕೈ ಇಷ್ಟು ಒಪ್ಪಿಕೊಂಡ ಮೇಲೆ ಬಟ್ಟೆಯ ಡಬ್ಬಿ ತೆಗೆದೆ. ಹಳೆಯ ನಾಲ್ಕನೆಯದು ದಪ್ಪ ಬಟ್ಟೆಯದು, ಅದನ್ನ ಮುಂದುವರಿಸೋದು ಆಗೋ ಮಾತಲ್ಲ. ಹೊಸದು ಶುರು ಮಾಡೋಣ ಅಂತ. ನಾನೇ ಇಷ್ಟಪಟ್ಟು ತಂದ ಬಟ್ಟೆಗಳೆಲ್ಲ, ಆದರೆ ಒಂದೊಂದೂ ಬೇರೆಯೇ ಆಗಿ ಕಂಡವು.

ಮೊದಲು ವಾಸನೆ. ಹೊಸ ಬಟ್ಟೆಯ ಗಂಜಿ ವಾಸನೆ ನನಗೆ ಮೊದಲು ಬಹಳ ಇಷ್ಟವಾಗ್ತಿತ್ತು. ಈಗ ಮುಚ್ಚಳ ತೆಗೆದ ಕೂಡಲೇ ಹೊಟ್ಟೆ ತೊಳಸಿತು. ಎಲ್ಲವನ್ನೂ ಬಕೆಟ್ಟಿಗೆ ಹಾಕಿ ನೆನೆಸಿ, ಎರಡು ಸಲ ಒಗೆದು ಒಣಗಿಸಿದ ಮೇಲೆ ಕೈಗೆ ತಗೊಂಡೆ. ಹೊಸ ಬಟ್ಟೆಯನ್ನ ಒಗೆಯದೆ ಕೌದಿಗೆ ಹಾಕಲೂಬಾರದು ಬಿಡಿ, ಆಮೇಲೆ ಒಂದೊಂದು ತುಂಡು ಒಂದೊಂದು ಅಳತೆಗೆ ಕುಗ್ಗಿ ಇಡೀ ಕೌದಿ ಸೊಟ್ಟಗಾಗುತ್ತೆ.

ಆಮೇಲೆ ದಪ್ಪ. ಜೀನ್ಸ್ ತುಂಡು, ಕ್ಯಾನ್ವಾಸು, ದಪ್ಪ ಖಾದಿ ಎಲ್ಲ ಪಕ್ಕಕ್ಕೆ. ನಾಲ್ಕು ಪದರದಲ್ಲಿ ಅವನ್ನು ದಾಟಿಸೋ ಬಲ ನನ್ನ ಬೆರಳಿಗಿಲ್ಲ. ಪಾಪ್ಲಿನ್ ಕೂಡ ಬಿಗಿ ನೇಯ್ಗೆ, ಸೂಜಿ ಹಿಡಿದುಕೊಳ್ಳುತ್ತೆ. ಮಲ್ಮಲ್ ಸಡಿಲ ನೇಯ್ಗೆ, ಬೆಣ್ಣೆಯಲ್ಲಿ ಹೋದ ಹಾಗೆ ಹೋಗುತ್ತೆ. ಖಣ ನೋಡೋದಕ್ಕೆ ಚೆಂದ, ಆದರೆ ಕತ್ತರಿಸಿದ ಅಂಚಿನಿಂದ ನೂಲು ಬಿಡುತ್ತೆ, ಅಂಚು ಎರಡು ಸಲ ಮಡಿಸಬೇಕು, ಮಡಿಸಿದಷ್ಟೂ ದಪ್ಪ.

ಆಮೇಲೆ ಶಾಖ. ನಾನೀಗ ಟ್ಯಾಮಾಕ್ಸಿಫೆನ್ ಮಾತ್ರೆ ತಗೊಳ್ತಿದ್ದೀನಿ, ಕಡಿಮೆ ಅಂದರೂ ಐದು ವರ್ಷ. ಅದರ ಕೊಡುಗೆ ಅಂದರೆ, ರಾತ್ರಿ ಎರಡು ಗಂಟೆಗೆ ಇದ್ದಕ್ಕಿದ್ದಂತೆ ಮೈಯೆಲ್ಲ ಕಾದು, ಬೆವರು ಕಿತ್ತುಕೊಂಡು ಬಂದು, ಐದು ನಿಮಿಷಕ್ಕೆ ಚಳಿ. ಇಂಥ ಮೈಗೆ ಪಾಲಿಯೆಸ್ಟರ್ ಆಗಲ್ಲ. ಅಂಗಡಿಯಲ್ಲಿ 'ಪ್ಯೂರ್ ಕಾಟನ್' ಅಂತ ಕೊಟ್ಟ ಎಷ್ಟೋ ಬಟ್ಟೆ ಪ್ಯೂರ್ ಅಲ್ಲ. ಮನೆಯಲ್ಲೇ ಪರೀಕ್ಷೆ ಮಾಡಬಹುದು: ಅಂಚಿನಿಂದ ಒಂದೆರಡು ನೂಲು ಎಳೆದು ಇಕ್ಕಳದಲ್ಲಿ ಹಿಡಿದು, ಸಿಂಕಿನ ಮೇಲೆ ಬೆಂಕಿಕಡ್ಡಿ ತೋರಿಸಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು, ಮುಟ್ಟಿದರೆ ಪುಡಿಯಾಗೋ ಬೂದಿ ಉಳಿಯುತ್ತೆ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತೆ. ಆ ಸಂಜೆ ನಾನು ನನ್ನ ಡಬ್ಬಿಯ ಮೂರನೆಯ ಒಂದು ಭಾಗವನ್ನ ಬೆಂಕಿಕಡ್ಡಿಯ ಪುಣ್ಯದಿಂದ ಕಳೆದುಕೊಂಡೆ.

ಕೊನೆಗೆ ಬಣ್ಣ. ಕೆಂಪು ನನಗೆ ಆಗ್ತಿಲ್ಲ. ನೋಡಿದರೆ ಬಾಯಲ್ಲಿ ಕಬ್ಬಿಣದ ರುಚಿ ಬರುತ್ತೆ, ಮೊಣಕೈಯ ಒಳಗಡೆ ತಣ್ಣಗಾಗುತ್ತೆ. ಇದು ಮನಸ್ಸಿನದು ಅಂತ ಗೊತ್ತು. ಗೊತ್ತಿದ್ದರೆ ಹೋಗುತ್ತೆ ಅಂತಿಲ್ಲವಲ್ಲ. ಉತ್ತರ ಕರ್ನಾಟಕದ ಹೆಣ್ಣುಮಗಳಿಗೆ ಕೆಂಪು ಬೇಡ ಅಂದರೆ ಏನು ಉಳೀತು ಹೇಳಿ? ಇಳಕಲ್ ಸೀರೆಯ ಸೆರಗು ಕೆಂಪು, ಖಣ ಕೆಂಪು, ಕುಂಕುಮ ಕೆಂಪು, ಊರಲ್ಲಿ ತಿನ್ನೋ ಖಾರವೂ ಕೆಂಪೇ.

ಇಷ್ಟೆಲ್ಲ ತೆಗೆದುಹಾಕಿದ ಮೇಲೆ ಉಳಿದ ಹೊಸ ಬಟ್ಟೆ ಒಂದು ಮಂಕರಿಯಷ್ಟೂ ಇರಲಿಲ್ಲ. ಆಗ ಕಪಾಟಿನ ಕೆಳಗಿನ ಖಾನೆಯಲ್ಲಿದ್ದ ಇನ್ನೊಂದು ಗಂಟು ನೆನಪಾಯಿತು. ಆಸ್ಪತ್ರೆಯ ಒಂಬತ್ತು ತಿಂಗಳು ನಾನು ಹಾಕಿಕೊಂಡದ್ದು. ಮುಂದೆ ಗುಂಡಿ ಇರೋ ನಾಲ್ಕು ನೈಟಿ, ಬೋಳುತಲೆಗೆ ಕಟ್ಟಿಕೊಳ್ತಿದ್ದ ಏಳು ಮಲ್ಮಲ್ ಸ್ಕಾರ್ಫು, ತೋಳು ಎತ್ತಲಿಕ್ಕಾಗದ ದಿನಗಳಲ್ಲಿ ಹಾಕಿಕೊಂಡ ಗಂಡನ ಎರಡು ಶರ್ಟು. ನೂರು ಸಲ ಒಗೆದು ಒಗೆದು ನೀರಿನಷ್ಟು ಮೆತ್ತಗಾಗಿದ್ದವು. ಕೌದಿಗೆ ಇದಕ್ಕಿಂತ ಒಳ್ಳೆಯ ಬಟ್ಟೆ ಸಿಗಲ್ಲ. ಕುಗ್ಗೋದೆಲ್ಲ ಕುಗ್ಗಿಯಾಗಿದೆ, ಬಿಡೋ ಬಣ್ಣವೆಲ್ಲ ಬಿಟ್ಟಾಗಿದೆ. ಇನ್ನು ಅದು ಯಾರಿಗೂ ಮೋಸ ಮಾಡೋದಿಲ್ಲ.

ಅವ್ವ ಆಗ ನಮ್ಮಲ್ಲೇ ಇದ್ದಳು. ಗಂಟು ಬಿಚ್ಚಿದ್ದನ್ನ ನೋಡಿ ಅಡುಗೆಮನೆಯಿಂದ ಬಂದು ನಿಂತಳು.

"ಅವನ್ಯಾಕ ತಗದಿ?"

"ಕೌದಿಗೆ, ಯವ್ವಾ. ಭಾಳ ಮೆತ್ತಗದಾವ."

"ಬ್ಯಾನಿ ಅರಿವಿ ಅವು. ಮನ್ಯಾಗ ಇಟ್ಕೊಂಡಿದ್ದ ತಪ್ಪು. ಅದನ್ನ ಹೊತ್ಕೊಂಡು ಮಲಗ್ತಾರೇನು? ಒಗದು ಬಿಡು."

"ಬ್ಯಾನಿ ಅರಿವ್ಯಾಗ ಇರಲಿಲ್ಲ, ಯವ್ವಾ."

"ನನಗ ಶಾಣ್ಯಾತನ ಹೇಳಬ್ಯಾಡ. ಒಗದು ಬಿಡು ಅಂದ್ನಿ."

ಇಲ್ಲಿ ಬೆಂಗಳೂರಿನವರಿಗೆ ಒಂದು ಮಾತು. ನಮ್ಮ ಕಡೆ ಬಟ್ಟೆಗೆ ಅರಿವಿ ಅಂತೀವಿ. 'ಒಗಿ' ಅಂದರೆ ತೊಳೆ ಅಂತಲೂ ಹೌದು, ಎಸೆದುಬಿಡು ಅಂತಲೂ ಹೌದು. ಯಾವುದು ಅಂತ ಮಾತಿನ ಧಾಟಿಯಲ್ಲೇ ಗೊತ್ತಾಗುತ್ತೆ. ಅವ್ವನ ಧಾಟಿಯಲ್ಲಿ ಅನುಮಾನಕ್ಕೆ ಜಾಗವಿರಲಿಲ್ಲ.

ನಾನು ಜಗಳಕ್ಕೆ ಹೋಗಲಿಲ್ಲ. ಅವ್ವನ ಹೆದರಿಕೆ ಮೂಢನಂಬಿಕೆ ಅಂತ ಹೇಳಿ ಮುಗಿಸಿಬಿಡೋದು ಸುಲಭ. ಆದರೆ ಹದಿನಾರು ಕೀಮೋಗೂ ನನ್ನ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದು ಅವಳೇ. ಆ ನೈಟಿಗಳನ್ನ ನಾನು ಹಾಕಿಕೊಂಡಿದ್ದೆ ಅಷ್ಟೇ, ನೋಡಿದವಳು ಅವಳು. ವಾಂತಿಯಾದಾಗ ಬದಲಿಸಿದವಳು, ಡ್ರೈನ್ ಪೈಪು ಸಿಕ್ಕದ ಹಾಗೆ ಗುಂಡಿ ಹಾಕಿದವಳು ಅವಳು. ನನಗೆ ಕೆಂಪು ಹೇಗೋ ಅವಳಿಗೆ ಆ ತಿಳಿನೀಲಿ ಹೂವಿನ ನೈಟಿ ಹಾಗೆ. ಇದು ಹೊಳೆದದ್ದು ರಾತ್ರಿ ಎರಡು ಗಂಟೆಗೆ, ಬೆವರಿ ಎದ್ದು ಕೂತಾಗ.

ಹಾಗಂತ ಇಂಥ ಬಟ್ಟೆಯಿಂದ ಹೊದಿಕೆ ಹೊಲಿಯೋದು ನನ್ನೊಬ್ಬಳ ವಿಚಿತ್ರವೂ ಅಲ್ಲ. ಅಮೆರಿಕದ ಅಲಬಾಮದಲ್ಲಿ ಜೀಸ್ ಬೆಂಡ್ ಅಂತ ಒಂದು ಊರಿದೆ. ಗುಲಾಮರಾಗಿದ್ದವರ ಮಕ್ಕಳು ಮೊಮ್ಮಕ್ಕಳು ಇರೋ ಊರು. ಅಲ್ಲಿನ ಹೆಂಗಸರು ಹರಿದ ಕೆಲಸದ ಬಟ್ಟೆಗಳಿಂದ ಹೊಲಿದ ಕ್ವಿಲ್ಟುಗಳು 2002ರಲ್ಲಿ ಹ್ಯೂಸ್ಟನ್ನಿನ ಮ್ಯೂಸಿಯಂ ಆಫ್ ಫೈನ್ ಆರ್ಟ್ಸ್‌ನ ಗೋಡೆ ಏರಿದವು. ಆ ಊರಿನ ಮಿಸ್ಸೂರಿ ಪೆಟ್ವೇ ಅನ್ನೋ ಹೆಂಗಸು 1942ರಲ್ಲಿ, ಗಂಡ ತೀರಿಕೊಂಡ ಮೇಲೆ, ಅವನು ಹೊಲದ ಕೆಲಸಕ್ಕೆ ಹಾಕ್ತಿದ್ದ ಬಟ್ಟೆಗಳನ್ನೇ ಕತ್ತರಿಸಿ ಒಂದು ಕ್ವಿಲ್ಟು ಹೊಲಿದಳು. ಹೊದ್ದುಕೊಳ್ಳೋದಕ್ಕೆ ಅಂತಲೇ. ನಮ್ಮನೆಯಲ್ಲೂ ಅಷ್ಟೇ. ಹೋದವರ ಒಳ್ಳೆಯ ಸೀರೆ ಹಂಚಿಕೊಳ್ತಿದ್ದರು, ಸವೆದದ್ದು ಕೌದಿಗೆ. ಸತ್ತವರ ಸೀರೆ ಹೊದ್ದು ಮಲಗೋದು ನಮಗೆ ಗೊತ್ತಿದ್ದದ್ದೇ. ಬದುಕಿದವಳ ಬಟ್ಟೆಗೆ ಮಾತ್ರ ರೂಢಿ ಇರಲಿಲ್ಲ.

ಮಾರನೆಯ ದಿನ ನಾನು ಫಿಸಿಯೋಥೆರಪಿ ಮುಗಿಸಿ ಬರುವಾಗ ಬಾಲ್ಕನಿಯ ತಂತಿಯ ಮೇಲೆ ಮೂರು ನೈಟಿ, ಏಳು ಸ್ಕಾರ್ಫು, ಎರಡು ಶರ್ಟು ಒಣಗ್ತಿದ್ದವು. ಬಿಸಿನೀರಿಗೆ ಉಪ್ಪು ಹಾಕಿ ನೆನೆಸಿದ್ದಳಂತೆ. "ಒಗದೀನಿ ನೋಡು" ಅಂದಳು ಅವ್ವ, ನನ್ನ ಮುಖ ನೋಡದೆ. ನಾಲ್ಕನೆಯ ನೈಟಿ, ಆಪರೇಷನ್ ಆದ ವಾರದ್ದು, ತಂತಿಯ ಮೇಲೆ ಇರಲಿಲ್ಲ. ಅದನ್ನು ಯಾವ ಅರ್ಥದಲ್ಲಿ ಒಗೆದಳೋ ನಾನು ಕೇಳಲಿಲ್ಲ.

ಸಂಜೆ ಅವಳು ತನ್ನ ಬ್ಯಾಗಿನಿಂದ ಇನ್ನೊಂದು ತೆಗೆದಳು. ಆಯಿಯ ಇಳಕಲ್ ಸೀರೆ. ಕೌದಿಗೆ ಅಂತ ಇಷ್ಟು ವರ್ಷ ಎತ್ತಿಟ್ಟಿದ್ದಳಂತೆ. ಇಳಕಲ್ ಸೀರೆಯ ಮೈ ಬೇರೆ, ಸೆರಗು ಬೇರೆ. ನೇಯೋರು ಮೈಯ ಹಾಸಿನ ಎಳೆಗೆ ಸೆರಗಿನ ಎಳೆಯನ್ನ ಒಂದೊಂದಾಗಿ ಕೊಂಡಿ ಹಾಕಿ ಸೇರಿಸ್ತಾರೆ. ಅದು ಆ ಊರಿನ ಮಗ್ಗದ ವಿಶೇಷ. ಆಯಿಯ ಸೀರೆ ಮೈಯೂ ಕೆಂಪು, ಸೆರಗೂ ಕೆಂಪು. ನಾನು ಕೈ ಚಾಚಿದೆ, ಮುಟ್ಟಲಿಕ್ಕೆ ಆಗಲಿಲ್ಲ.

ಅವ್ವ ಸ್ವಲ್ಪ ಹೊತ್ತು ಸುಮ್ಮನೆ ಕೂತಳು. ಆಮೇಲೆ ಅಂದಳು: "ಒಳಗ ಹಾಕು."

"ಏನು?"

"ಕೌದ್ಯಾಗ ಒಳಗೂ ಅರಿವಿ ಇರತಾವಲ್ಲ. ನಿನಗ ಬ್ಯಾಡಾಗಿದ್ದು ಒಳಗ ಹಾಕು. ನನಗ ಬ್ಯಾಡಾಗಿದ್ದೂ ಒಳಗ ಹಾಕು. ಕಣ್ಣಿಗೆ ಕಾಣೂದು ಬ್ಯಾಡ. ಬೆಚ್ಚಗ ಇರತೈತಿ."

ಐದು ವರ್ಷದಿಂದ ಕೌದಿ ಹೊಲೀತಿದ್ದವಳಿಗೆ ನನಗೆ ಇದು ಹೊಳೆದಿರಲಿಲ್ಲ. ಬಟ್ಟೆ ಆರಿಸೋದು ಅಂದರೆ ಬೇಕಾದ್ದು ಮೇಲೆ, ಬೇಡದ್ದು ಹೊರಗೆ ಅಂತಲೇ ನಾನು ಅಂದುಕೊಂಡಿದ್ದೆ. ಮೂರನೆಯದೊಂದು ಜಾಗ ಇದೆ. ಎಸೆಯಲಾಗದ, ನೋಡಲೂ ಆಗದ ಬಟ್ಟೆಗೆ ಕೌದಿಯಲ್ಲಿ ಜಾಗ ಇದೆ. ಕೌದಿಯ ತೂಕವೆಲ್ಲ ಅಲ್ಲೇ ಇರೋದು. ಕಾಯಿಲೆಯಿಂದ ಎದ್ದವರಿಗೆ ಜನ ಎರಡೇ ದಾರಿ ತೋರಿಸ್ತಾರೆ: ಮರೆತುಬಿಡು, ಇಲ್ಲವೇ ಅದನ್ನೇ ಬಾವುಟ ಮಾಡಿಕೊಂಡು ಎಲ್ಲರಿಗೂ ಸ್ಫೂರ್ತಿಯಾಗು. ನನಗೆ ಎರಡೂ ಬೇಕಿರಲಿಲ್ಲ. ಒಳಗೆ ಇಟ್ಟು ಸುತ್ತ ಹೊಲಿಗೆ ಹಾಕಿಕೊಂಡು ಹೊದ್ದುಕೊಳ್ಳೋದು ನನಗೆ ಸರಿ ಅನ್ನಿಸಿತು.

ಹೀಗೆ ಈ ಕೌದಿ ಸಿದ್ಧವಾಯಿತು. ಕೆಳಗೆ ಅವ್ವನ ಹಸಿರು ಸೀರೆ. ಮಧ್ಯದಲ್ಲಿ ಆಯಿಯ ಕೆಂಪು ಇಳಕಲ್ಲು, ಅದರ ಮೇಲೆ ನನ್ನ ಮೂರು ನೈಟಿ. ಮೇಲಿನ ಪದರಕ್ಕೆ ಸ್ಕಾರ್ಫುಗಳು, ಗಂಡನ ಶರ್ಟು, ಬೆಂಕಿಕಡ್ಡಿಯ ಪರೀಕ್ಷೆ ಪಾಸಾದ ಇಕ್ಕತ್ತು, ಜೈಪುರದ ಮಲ್ಮಲ್ಲು. ನೀಲಿ, ಬೂದಿ, ಅರಿಶಿನ, ಹಸಿರು.

ಯಾವ ತುಂಡು ಎಲ್ಲಿ ಅನ್ನೋದನ್ನ ಮೊದಲಾದರೆ ಲ್ಯಾಪ್‌ಟಾಪಿನಲ್ಲಿ ಚೌಕ ಹಾಕಿ ಪ್ಲಾನ್ ಮಾಡ್ತಿದ್ದೆ. ಕೀಮೋ ಆದ ಮೇಲೆ ಅಷ್ಟು ದೂರದ ಯೋಚನೆ ತಲೆಯಲ್ಲಿ ನಿಲ್ಲೋದಿಲ್ಲ. ಇದಕ್ಕೆ ಉಪಾಯ ಸಿಕ್ಕಿದ್ದು ಸಿದ್ದಿ ಹೆಂಗಸರ ಕವಂದಿಯಲ್ಲಿ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆ ಇರೋ, ಆಫ್ರಿಕಾ ಮೂಲದ ಸಿದ್ದಿ ಜನ ಹೊಲಿಯೋ ಕೌದಿಗೆ ಕವಂದಿ ಅಂತಾರೆ. ಅವರು ಮೊದಲು ಮೇಲಿನ ಪದರ ಮಾಡಿಕೊಂಡು ಆಮೇಲೆ ಹೊಲಿಯೋದಿಲ್ಲ. ಒಂದು ಮೂಲೆಯಿಂದ ಶುರು ಮಾಡಿ, ತುಂಡು ಇಡ್ತಾ, ಹೊಲೀತಾ, ಅಂಚಿನ ಸುತ್ತ ಹೋಗ್ತಾರೆ. ಒಂದು ಸುತ್ತು ಮುಗಿದರೆ ಅದರೊಳಗೆ ಇನ್ನೊಂದು. ಹಾಗೇ ನಡುವಿಗೆ ಬಂದು ಸೇರೋದು. ನಾಲ್ಕು ಮೂಲೆಗೆ ತ್ರಿಕೋನವಾಗಿ ಮಡಿಸಿದ ಬಣ್ಣದ ಬಟ್ಟೆ ಇಡ್ತಾರೆ, ಅದಕ್ಕೆ ಫುಲಾ ಅಂತ ಹೆಸರು, ಹೂವು ಅಂತ ಅರ್ಥ. ಫುಲಾ ಇಲ್ಲದ ಕವಂದಿ ಅವರ ಲೆಕ್ಕದಲ್ಲಿ ಬೆತ್ತಲೆ. ಈ ಪದ್ಧತಿಯಲ್ಲಿ ಒಂದು ಹೊತ್ತಿಗೆ ಒಂದೇ ಪ್ರಶ್ನೆ: ಇದರ ಪಕ್ಕಕ್ಕೆ ಯಾವುದು? ನಾಳೆಯ ತುಂಡನ್ನ ನಾಳೆ ಆರಿಸಿದರಾಯಿತು. ನನ್ನ ಮೂಲೆಗಳಿಗೂ ಹೂವಿಟ್ಟಿದ್ದೀನಿ, ಹಳದಿ ಸ್ಕಾರ್ಫಿನದು.

ಅಳತೆಯದ್ದು ಇನ್ನೊಂದು ಮಾತು. ಗೊತ್ತಿರೋರೆಲ್ಲ ಸಣ್ಣದು ಮಾಡು ಅಂದರು. ಟೇಬಲ್ ಮ್ಯಾಟ್ ಮಾಡು, ಕುಶನ್ ಕವರ್ ಮಾಡು, ಬೇಗ ಮುಗಿದರೆ ಖುಷಿಯಾಗುತ್ತೆ. ಕಾಳಜಿಯ ಮಾತೇ. ಆದರೆ ಅದರ ಅಡಿಯಲ್ಲಿ ಇರೋ ಪ್ರಶ್ನೆಯೂ ನನಗೆ ಕೇಳಿಸುತ್ತೆ, ಯಾಕೆಂದರೆ ಅದನ್ನ ನಾನೇ ದಿನಾ ಕೇಳಿಕೊಳ್ತೀನಿ. ದೊಡ್ಡದು ಹಿಡಿದು ಮುಗಿಸದಿದ್ದರೆ?

ಕೂತು ಲೆಕ್ಕ ಹಾಕಿದೆ. ಐದಡಿ ಅಗಲ, ಏಳಡಿ ಉದ್ದ. ಸಾಲಿನಿಂದ ಸಾಲಿಗೆ ಮುಕ್ಕಾಲು ಇಂಚು. ಒಟ್ಟು 560 ಅಡಿ ಹೊಲಿಗೆ. ನನ್ನ ಈಗಿನ ಕೈಗೆ ಗಂಟೆಗೆ ಏಳಡಿ. ಎಂಬತ್ತು ಗಂಟೆ. ಎಡಗೈಗೆ ಸುಸ್ತಾಗದ ಹಾಗೆ ದಿನಕ್ಕೆ ಅರ್ಧ ಗಂಟೆ ಅಂದರೆ 160 ದಿನ. ಡಾಕ್ಟರು ಮತ್ತೆ ಬರಲಿಕ್ಕೆ ಹೇಳಿರೋದು ಆರು ತಿಂಗಳಿಗೆ. ಕೆಟ್ಟ ದಿನಗಳಿಗೆ ಅಂತ ಇಪ್ಪತ್ತು ದಿನ ಉಳಿಯುತ್ತೆ. ಆರು ತಿಂಗಳ ಆಚೆಗೆ ನನಗೆ ಯಾರೂ ಏನೂ ಬರೆದುಕೊಟ್ಟಿಲ್ಲ. ನಿಮಗೂ ಯಾರೂ ಕೊಟ್ಟಿಲ್ಲ, ನಿಮಗೆ ಅದು ಗೊತ್ತಿಲ್ಲ ಅಷ್ಟೇ. ಆರು ತಿಂಗಳಿಗೆ ಹೊಂದೋ ಕೌದಿ ಐದಡಿ ಏಳಡಿಯದು. ಅದನ್ನೇ ಹಿಡಿದೆ.

ಮೊದಲ ಸುತ್ತು 24 ಅಡಿ, ಒಂದು ವಾರ ಹಿಡಿಯಿತು. ಪ್ರತಿ ಸುತ್ತೂ ಹಿಂದಿನದಕ್ಕಿಂತ ಅರ್ಧ ಅಡಿ ಚಿಕ್ಕದು. ಇದನ್ನ ಬರೆಯೋ ಹೊತ್ತಿಗೆ ಹನ್ನೊಂದು ಸುತ್ತು ಮುಗಿದಿದೆ. ಹೊಲಿಗೆ ಮೊದಲಿನಷ್ಟು ನೇರವಿಲ್ಲ, ಇಂಚಿಗೆ ನಾಲ್ಕೇ ಬೀಳ್ತಿವೆ. ಸೂಜಿಗೆ ದಾರ ಈಗ ನಾನೇ ಪೋಣಿಸ್ತೀನಿ, ನಾಲ್ಕನೆಯ ಪ್ರಯತ್ನಕ್ಕೋ ಐದಕ್ಕೋ ಹೋಗುತ್ತೆ. ಬಲಗೈಯ ಹೆಬ್ಬೆರಳಿಗೆ ಸೂಜಿಯ ತಣ್ಣಗೆ ಮತ್ತೆ ಗೊತ್ತಾಗ್ತಿದೆ. ಎಡಗೈಯದ್ದು ಇನ್ನೂ ಇಲ್ಲ. ಅವ್ವ ಊರಿಗೆ ಹೋಗಿದ್ದಾಳೆ, ದಿನಾ ರಾತ್ರಿ ಫೋನಿನಲ್ಲಿ ಮೊದಲು ಕೇಳೋದು "ಮಾತ್ರಿ ತಗೊಂಡಿ?" ಅಂತ, ಎರಡನೆಯದು "ಎಷ್ಟನೇ ಸುತ್ತು?" ಅಂತ.

ನಿಮ್ಮ ಗೆಳತಿಯೋ ಅಕ್ಕನೋ ಇಂಥ ಕಾಯಿಲೆಯಿಂದ ಎದ್ದು ಮನೆಗೆ ಬಂದಿದ್ದರೆ, ಅವಳಿಗೆ ಹೊಲಿಗೆ ಇಷ್ಟ ಅಂತ ನಿಮಗೆ ಗೊತ್ತಿದ್ದರೆ, ಅಂದದ ಪೆಟ್ಟಿಗೆಯಲ್ಲಿ ಬರೋ ಹೊಲಿಗೆಯ ಕಿಟ್ ಕೊಳ್ಳಬೇಡಿ. ನಿಮ್ಮದೇ ಹಳೆಯ ಕಾಟನ್ ಕುರ್ತಾನೋ ದುಪಟ್ಟಾನೋ ಒಗೆದು ಮಡಿಸಿ ಕೊಡಿ. ಮೇಲೆ ಹಾಕಬೇಕೋ ಒಳಗೆ ಹಾಕಬೇಕೋ ಅವಳು ನೋಡಿಕೊಳ್ತಾಳೆ. ನಾನು ಆಫೀಸಿನಲ್ಲಿ ಹೀಗೇ ಹೇಳಿದ್ದೆ. ಒಗೆದದ್ದು ತನ್ನಿ, ಹತ್ತಿಯದು ತನ್ನಿ, ಕೆಂಪು ಬೇಡ ಅಂತ. ಎಲ್ಲರೂ ತಂದರು. ಹೊಸದಾಗಿ ಸೇರಿದ ಒಬ್ಬ ಹುಡುಗನಿಗೆ ಕೊನೆಯ ಮಾತು ಕೇಳಿಸಿರಲಿಲ್ಲ. ಅವರಮ್ಮನ ಹತ್ತಿರ ಕೇಳಿ ತಂದ ದುಪಟ್ಟಾ, ಚೆನ್ನಾಗಿ ಇಸ್ತ್ರಿ ಮಾಡಿದ್ದು, ಅಪ್ಪಟ ಕೆಂಪು. ವಾಪಸ್ ಕೊಡಲಿಕ್ಕೆ ಮನಸ್ಸಾಗಲಿಲ್ಲ. ಈ ಕೌದಿಯ ಒಳಗಿನ ಪದರಗಳ ಹೊಲಿಗೆ ಆಗಿಹೋಗಿದೆ, ಅಲ್ಲಿ ಜಾಗವಿಲ್ಲ. ಕಾಗದದಲ್ಲಿ ಸುತ್ತಿ ಮಂಚದ ಕೆಳಗಿನ ಡಬ್ಬಿಯಲ್ಲಿ ಇಟ್ಟಿದ್ದೀನಿ. ಮುಂದಿನದಕ್ಕೆ ಆಗುತ್ತೆ.